ಹಿರಿಯರ ಪಟದಲ್ಲಿ ಒಂದು ಚೌಕ

ಸುಯಿ ಜಿನ್‌ಹುವಾನ್ ಅಜ್ಜಿಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಚಾಡಿ ಹೇಳುತ್ತಿಲ್ಲ, ಜಿಯಾವ್ ಹೊಳೆ ದಂಡೆಯ ನಮ್ಮ ಲುವಾನ್ ಊರಿನಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವವರು ಬೇಕಾದಷ್ಟು ಮಂದಿ ಇದ್ದಾರೆ. ಈಕೆ ಕಿವಿರು ನೋಡಿ, ಕಣ್ಣು ಒತ್ತಿ, ಬಾಲ ಹಿಡಿದೆತ್ತಿ, ಕೊನೆಗೆ ಮೀನು ಮಾರುವವನ ಮುಖವನ್ನೂ ಅಷ್ಟೇ ಹೊತ್ತು ನೋಡುತ್ತಿದ್ದಳು. ರೇಡಿಯೋದವರು ನಾಳೆ ಹಿಮ ಬೀಳುತ್ತದೆ ಎಂದರೆ ಅಂಗಳಕ್ಕೆ ಹೋಗಿ ಗಾಳಿ ಮೂಸಿ ಬಂದು, "ನೋಡೋಣ" ಎನ್ನುತ್ತಿದ್ದಳು. ಸೊಸೆ ಉಪ್ಪು ಹಾಕಿದ್ದೇನೆ ಎಂದರೆ ನಾಲಿಗೆಗೆ ಹಚ್ಚಿ ನೋಡದೆ ಹೂಂ ಎಂದವಳಲ್ಲ. ಹೀಗೇ ಇದ್ದು ಅವಳಿಗೆ ಎಪ್ಪತ್ತೆಂಟು ತುಂಬಿತ್ತು. ಒಮ್ಮೆಯೂ ಕೊಳೆತ ಮೀನು ತಿಂದಿರಲಿಲ್ಲ, ಅದನ್ನೂ ಹೇಳಬೇಕು.

ಆದರೆ ಆ ವರ್ಷ ಅಜ್ಜಿಯ ಅನುಮಾನ ಮೀನು ಉಪ್ಪಿನ ಮಟ್ಟದಲ್ಲಿ ಇರಲಿಲ್ಲ. ವರ್ಷದ ಕೊನೇ ತಿಂಗಳ ಇಪ್ಪತ್ತಮೂರು, ಮನೆಯ ವರ್ಷದ ಸುದ್ದಿ ಹೇಳಿಬರಲು ಒಲೆದೇವರನ್ನು ಆಕಾಶಕ್ಕೆ ಕಳಿಸಿಕೊಡುವ ದಿನ, ಸಂಜೆ ಮುಂದೆ ಮಗ ಶೌಟಿಯೆನ್ ಕಂಕುಳಲ್ಲಿ ಉದ್ದನೆಯ ಗಂಟೊಂದನ್ನು ಇಟ್ಟುಕೊಂಡು ಮನೆಗೆ ಬಂದ. ಹೊಸದಾಗಿ ಬರೆಸಿದ ಹಿರಿಯರ ಪಟ. ಹಳೆಯದು ಮಳೆಗಾಲದಲ್ಲಿ ಮಾಡು ಸೋರಿ ನೆನೆದು ಹಾಳಾಗಿತ್ತು. ಮೇಲೆ ಮೂಲಪುರುಷನೂ ಅವನ ಹೆಂಡತಿಯೂ ಕುರ್ಚಿಯಲ್ಲಿ ಕೂತ ಚಿತ್ರ, ಕೆಳಗೆ ಸಾಲುಸಾಲು ಚೌಕ, ಒಂದೊಂದು ಚೌಕದಲ್ಲಿ ತೀರಿಹೋದ ಒಬ್ಬೊಬ್ಬರ ಹೆಸರು. ವರ್ಷದ ಕೊನೇ ದಿನ ಅದನ್ನು ನಡುಮನೆ ಗೋಡೆಗೆ ತೂಗುಹಾಕಿದರೆ, ಹೊಸ ವರ್ಷದ ಎರಡನೇ ದಿನದವರೆಗೆ ಸತ್ತವರೆಲ್ಲ ಮನೆಯಲ್ಲಿರುತ್ತಾರೆ. ಹೆಸರಿದ್ದವರು ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ. ಹೆಸರಿಲ್ಲದವರಿಗೆ ಬಾಗಿಲೇ ಇಲ್ಲ.

ಅಜ್ಜಿ ಒಲೆ ಮುಂದೆ ಕೂತಿದ್ದವಳು ಕೈ ಒರೆಸಿಕೊಂಡು ಎದ್ದಳು. ಶೌಟಿಯೆನ್ ಅವಳ ಕಡೆ ನೋಡದೆ ಪೂರ್ವದ ಕೋಣೆಗೆ ಹೋದ. ಹಿಂದೆಯೇ ಹೆಂಡತಿ ಚಿಯಾವ್‌ಯುನ್ ಹೋದಳು. ಗಂಟು ಬಿಚ್ಚಿದ ಸದ್ದು, ಕಾಗದ ಬಿಚ್ಚಿದ ಸದ್ದು.

"ಅಯ್ಯೋ. ಅತ್ತೆಗೆ ಗೊತ್ತಾದ್ರೆ?" ಸೊಸೆಯ ದನಿ.

"ಮೆಲ್ಲಗೆ. ಗೊತ್ತಾಗ್ಬಾರ್ದು. ಹಬ್ಬ ಒಂದು ಕಳೀಲಿ."

ಅಜ್ಜಿ ಬಾಗಿಲಿಗೆ ಬರುವಷ್ಟರಲ್ಲಿ ಪಟ ಸುರುಳಿಯಾಗಿತ್ತು. ಶೌಟಿಯೆನ್ ಅದನ್ನು ಪೆಟ್ಟಿಗೆಯೊಳಗೆ ಇಡುತ್ತಿದ್ದ. ಐವತ್ತೆಂಟರ ಗಂಡಸು, ಬೆಕ್ಕು ಹಾಲು ಕುಡಿದು ಬಾಯಿ ಒರೆಸಿಕೊಂಡ ಹಾಗೆ ನಿಂತಿದ್ದ.

"ತೋರ್ಸೋ, ಹೆಂಗಿದೆ ನೋಡೋಣ."

"ಇವಾಗ ಬೇಡ ಚಿಕ್ಕಮ್ಮ, ಬಣ್ಣ ಇನ್ನೂ ಹಸಿ ಇದೆ. ಹಬ್ಬದ ದಿನ ನೋಡೀರಂತೆ."

ಬಣ್ಣ ಹಸಿ ಇದ್ದರೆ ಸುರುಳಿ ಸುತ್ತುತ್ತಾರೆಯೇ? ಅಜ್ಜಿ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಕೇಳುವುದು ಅವಳ ಜಾಯಮಾನವಲ್ಲ, ಅವಳು ನೋಡುವವಳು. ಅವತ್ತು ಒಲೆದೇವರ ಬಾಯಿಗೆ ಶೌಟಿಯೆನ್ ಅಂಟು ಮಿಠಾಯಿ ಮೆತ್ತಿ, ಸಿಹಿ ಮಾತು ಹೇಳಪ್ಪ ಎಂದು ಕೈಮುಗಿದು ಆಚೆ ಹೋದ ಮೇಲೆ, ಅಜ್ಜಿ ಉಗುರಿನಿಂದ ಆ ಮಿಠಾಯಿಯನ್ನು ಕೆರೆದು ತೆಗೆದಳು.

"ಸಿಹಿ ಗಿಹಿ ಬೇಡ," ಎಂದಳು ಹೊಗೆ ಹಿಡಿದ ಚಿತ್ರಕ್ಕೆ. "ಇವತ್ತು ಆ ಕೋಣೇಲಿ ಏನು ನೋಡಿದ್ಯೋ ಅದನ್ನೇ ಹೇಳು."

ಏನಾಗಿದೆ ಎಂದು ಅಜ್ಜಿಗೆ ಗೊತ್ತೇ ಇತ್ತು. ಅವಳ ಚೌಕವನ್ನು ತೆಗೆದುಬಿಟ್ಟಿದ್ದರು. ಹಳೆಯ ಪಟದಲ್ಲಿ ಗಂಡ ದೇಮಾವ್‌ನ ಹೆಸರಿನ ಒಂದು ಪಕ್ಕ ಮೊದಲ ಹೆಂಡತಿ ಜಿಯಾಂಗ್, ಇನ್ನೊಂದು ಪಕ್ಕ ಖಾಲಿ. ಆ ಖಾಲಿ ಜಾಗ ತನ್ನದು ಎಂದು ಅಜ್ಜಿ ಹನ್ನೊಂದು ವರ್ಷದಿಂದ ಪ್ರತಿ ಹಬ್ಬಕ್ಕೂ ನೋಡಿಟ್ಟುಕೊಂಡಿದ್ದಳು. ಹೊಸ ಪಟ ಬರೆಸುವ ನೆಪದಲ್ಲಿ ಅದನ್ನು ಒಳಗೊಳಗೇ ನುಂಗಿಹಾಕಿದ್ದಾರೆ.

ಇಷ್ಟು ದಿಟವಾಗಿ ನಂಬಲು ಕಾರಣವಿತ್ತು. ಜಿನ್‌ಹುವಾನ್ ಈ ಮನೆಗೆ ಕನ್ಯೆಯಾಗಿ ಬಂದವಳಲ್ಲ. ಹತ್ತೊಂಬತ್ತಕ್ಕೆ ಹೊಳೆಯಾಚೆ ಚಿ ಮನೆತನಕ್ಕೆ ಕೊಟ್ಟಿದ್ದರು. ಆ ಗಂಡ ಅಣೆಕಟ್ಟಿನ ಕೆಲಸಕ್ಕೆ ಹೋದವನು ಮಣ್ಣು ಕುಸಿದು ಸತ್ತ. ಮಕ್ಕಳಿರಲಿಲ್ಲ. ನಾಲ್ಕು ವರ್ಷ ಅತ್ತೆಮನೆಯಲ್ಲಿ ಹಿಟ್ಟು ಬೀಸಿದಳು. ಆಮೇಲೆ ಹೆಂಡತಿ ಸತ್ತಿದ್ದ ದೇಮಾವ್‌ನ ಕಡೆಯಿಂದ ಮಾತು ಬಂದಾಗ ಒಪ್ಪಿಕೊಂಡು ಹೊರಟಳು. ಹೊರಡುವಾಗ ಮೈದುನ ಬಾಗಿಲಲ್ಲಿ ನಿಂತು, "ಅತ್ಗೆ, ಹೊರಗೆ ಹೋದ ಬಾಗ್ಲಲ್ಲಿ ಇನ್ನು ಒಳಗೆ ಬರೋ ಹಾಗಿಲ್ಲ. ಸತ್ತ ಮೇಲೂ," ಎಂದಿದ್ದ. ಆಗ ಅವಳಿಗೆ ಇಪ್ಪತ್ತೊಂಬತ್ತು. ಸತ್ತ ಮೇಲಿನದ್ದನ್ನು ಆಗ ಯಾರು ಯೋಚಿಸುತ್ತಾರೆ.

ದೇಮಾವ್‌ನ ಮನೆಯಲ್ಲಿ ಒಂಬತ್ತು ವರ್ಷದ ಶೌಟಿಯೆನ್ ಇದ್ದ. ಮೊದಲ ದಿನವೇ ಅವನು ಚಿಕ್ಕಮ್ಮ ಎಂದ, ಕೊನೆಯವರೆಗೂ ಅದೇ ಎಂದ. ಅವಳು ಅದನ್ನು ತಿದ್ದಲಿಲ್ಲ. ಅವನ ಹತ್ತಿ ಬೂಟು ಹೊಲಿದಳು, ದಡಾರ ಎದ್ದಾಗ ಹದಿನಾರು ದಿನ, ಒಲೆಯ ಬಿಸಿ ಹಾಯುವ ಇಟ್ಟಿಗೆಯ ಮಲಗುವ ಜಗಲಿಯ ಮೇಲೆ, ಅವನ ಪಕ್ಕದಲ್ಲೇ ಮಲಗಿದಳು, ಅವನ ಮದುವೆಗೆ ತನ್ನ ಕೈಯಾರೆ ಎಂಟು ಹಾಸಿಗೆ ಹೊಲಿದಳು. ಅವಳಿಗೆ ತನ್ನದೇ ಮಗು ಆಗಲಿಲ್ಲ.

ಇನ್ನೊಂದಿದೆ. ಹಳೆಯದನ್ನೆಲ್ಲ ಸುಡಬೇಕು ಎಂದು ಕ್ರಾಂತಿಯ ಹುಡುಗರು ಮನೆಮನೆ ತಪಾಸಣೆ ಮಾಡುತ್ತಿದ್ದ ಕಾಲದಲ್ಲಿ, ಆ ಹಿರಿಯರ ಪಟವನ್ನು ಉಳಿಸಿದ್ದು ಅವಳು. ದೇಮಾವ್ ಹೆದರಿ ಒಲೆಗೆ ಹಾಕಲು ಹೊರಟಿದ್ದ. ಅವಳು ಕಿತ್ತುಕೊಂಡು, ಹಾಸಿಗೆಯ ಹತ್ತಿಯ ನಡುವೆ ಹರಡಿ, ಮೇಲೆ ಹೊಲಿಗೆ ಹಾಕಿ, ಮೂರು ವರ್ಷ ಅದರ ಮೇಲೇ ಮಲಗಿದಳು. ಲುವಾನ್ ಮನೆತನದ ಏಳು ತಲೆಮಾರು ಆ ಮೂರು ವರ್ಷ ಅವಳ ಬೆನ್ನಡಿಯಲ್ಲಿ ಬದುಕಿತು. ಇದನ್ನು ಅವಳು ಯಾರಿಗೂ ಎತ್ತಿ ಆಡಿದವಳಲ್ಲ, ಆದರೆ ಮರೆತವಳೂ ಅಲ್ಲ.

ಹನ್ನೊಂದು ವರ್ಷದ ಹಿಂದೆ ದೇಮಾವ್‌ನ ಹೆಸರನ್ನು ಪಟಕ್ಕೆ ಏರಿಸಿದ ದಿನ, ಅಂಗಳದಲ್ಲಿ ಗಂಡಸರು ಬಿಸಿಲು ಕಾಯುತ್ತ ಕೂತಿದ್ದರು. ದೇಮಾವ್‌ನ ದಾಯಾದಿ ಅಣ್ಣ ದೆಹೌ, ಮನೆತನದ ಹಿರಿಯ, ಬಾಯಲ್ಲಿ ಬೀಡಿ ಇಟ್ಟುಕೊಂಡೇ ಹೇಳಿದ್ದ: "ಜಿಯಾಂಗ್ ಹೆಸರು ಪಕ್ಕದಲ್ಲಿದೆಯಲ್ಲ, ಸಾಕು. ಈಕೆ ಮೊದ್ಲು ಬೇರೆ ಮನೆ ಕಂಡು ಬಂದೋಳು. ಹೋದ್ಮೇಲೆ ಯಾರ ಪಾಲು ಅಂತ ಅಲ್ಲೇ ತೀರ್ಮಾನ ಆಗ್ಲಿ." ಅಡಿಗೆಮನೆ ಕಿಟಕಿಯೊಳಗೆ ಅಜ್ಜಿ ಕಡುಬಿಗೆ ಎಲೆಕೋಸು ಕೊಚ್ಚುತ್ತಿದ್ದಳು. ಕತ್ತಿ ನಿಲ್ಲಿಸಿ ಕಿವಿಗೊಟ್ಟಳು. ಶೌಟಿಯೆನ್ ಏನಾದರೂ ಹೇಳಬಹುದು ಎಂದು. ಅವನು ಒಂದು ಮಾತೂ ಆಡಲಿಲ್ಲ. ಅಜ್ಜಿ ಮತ್ತೆ ಕೊಚ್ಚತೊಡಗಿದಳು. ಆ ದೆಹೌನ ಮಾತಿಗಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಇವನ ಮೌನ.

ಅದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿರಿಯರನ್ನು ಕರೆತಂದ ಮೇಲೆ ಬಾಗಿಲಿಗೆ ಅಡ್ಡಲಾಗಿ ಒಂದು ಕೋಲು ಇಡುತ್ತೇವೆ, ಊರೂರು ಅಲೆಯುವ ದಿಕ್ಕಿಲ್ಲದ ಸತ್ತವರು ನಮ್ಮವರ ಜೊತೆ ಒಳಗೆ ನುಗ್ಗಬಾರದು ಎಂದು. ಆ ಕೋಲನ್ನು ನಲವತ್ತೊಂಬತ್ತು ವರ್ಷ ಇಟ್ಟವಳು ಇವಳೇ. ನಾಳೆ ಸತ್ತ ಮೇಲೆ ಇವಳೇ ಆ ಕೋಲಿನಾಚೆ ಚಳಿಯಲ್ಲಿ ನಿಂತು, ಒಳಗೆ ಜಿಯಾಂಗ್ ಕಡುಬು ತಿನ್ನುವುದನ್ನು ನೋಡಬೇಕು. 

ಇಪ್ಪತ್ನಾಲ್ಕು ಮನೆ ಗುಡಿಸುವ ದಿನ. ಅಜ್ಜಿ ತಲೆಗೆ ಬಟ್ಟೆ ಕಟ್ಟಿಕೊಂಡು, ಯಾರೂ ಹೇಳದೆಯೇ ಪೂರ್ವದ ಕೋಣೆಗೆ ಪೊರಕೆ ಹಿಡಿದು ಹೊರಟಳು. ಪೆಟ್ಟಿಗೆಗೆ ಬೀಗ ಬಿದ್ದಿತ್ತು. ಆ ಪೆಟ್ಟಿಗೆಗೆ ಬೀಗ ಹಾಕಿದ್ದನ್ನು ಅವಳು ಈ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ಬೀಗ ಹಿಡಿದು ಎಳೆದು ನೋಡಿದಳು. ಹೊಸ ಬೀಗ.

"ಅತ್ತೆ, ಈ ಕೋಣೆ ಆಗ್ಲೇ ಗುಡ್ಸಿದೀನಿ," ಎಂದು ಚಿಯಾವ್‌ಯುನ್ ಬಾಗಿಲಲ್ಲಿ ನಿಂತಿದ್ದಳು. ಸೊಂಟದಲ್ಲಿ ಬೀಗದ ಕೈ.

"ನೀನು ಗುಡ್ಸಿದ್ದು ಗೊತ್ತಾಗತ್ತೆ, ಮೂಲೇಲಿ ಜೇಡರ ಬಲೆ ಹಂಗೇ ಇದೆ."

"ಬಿಡಿ, ನಾನೇ ತೆಗೀತೀನಿ. ನೀವು ಧೂಳಲ್ಲಿ ನಿಲ್ಬೇಡಿ, ಕೆಮ್ಮು ಬಂದೀತು."

ಮೂವತ್ತೆರಡು ವರ್ಷದ ಸೊಸೆತನದಲ್ಲಿ ಅತ್ತೆಯ ಕೆಮ್ಮಿನ ಬಗ್ಗೆ ಅವಳು ಇಷ್ಟು ಕಾಳಜಿ ತೋರಿದ್ದು ಅದೇ ಮೊದಲು. ಅಷ್ಟಕ್ಕೇ ನಿಲ್ಲಲಿಲ್ಲ. ಇಪ್ಪತ್ತೈದರಂದು ಅಜ್ಜಿಗೆ ಹೊಸ ಹತ್ತಿ ಅಂಗಿ ಬಂತು, ಕೆಂಪು ಬಣ್ಣದ್ದು, ಕೊರಳಿಗೆ ರೇಷ್ಮೆ ಅಂಚು. ಬೆಳಿಗ್ಗೆ ಗಂಜಿಗೆ ಎರಡು ಮೊಟ್ಟೆ. ಮಲಗುವ ಮುಂಚೆ ಕಾಲಿಗೆ ಬಿಸಿನೀರು, ಅದೂ ಚಿಯಾವ್‌ಯುನ್ ತಾನೇ ಬಕೆಟ್ ಹೊತ್ತು ತಂದು. ಬೇರೆ ಯಾರಾದರೂ ಆಗಿದ್ದರೆ ನನ್ನ ಪುಣ್ಯ ಎಂದು ಸುಮ್ಮನಿರುತ್ತಿದ್ದರು. ಅಜ್ಜಿ ಕಾಲು ನೆನೆಸಿಕೊಂಡು ಸೊಸೆಯ ನೆತ್ತಿಯನ್ನೇ ನೋಡುತ್ತ ಕೂತಳು. ಕಸಿದುಕೊಂಡವರೇ ಹೀಗೆ ಉಪಚಾರ ಮಾಡುವುದು.

ಇಪ್ಪತ್ತಾರಕ್ಕೆ ಬೋಬೋ ಬೇಯಿಸುವ ದಿನ. ಎಲಚಿ ಹಣ್ಣು ಚುಚ್ಚಿದ ದೊಡ್ಡ ದೊಡ್ಡ ಹಿಟ್ಟಿನುಂಡೆಗಳು ಹಿರಿಯರ ಮುಂದೆ ಐದೈದರ ಗೋಪುರವಾಗಿ ಕೂರಬೇಕು; ಒಂದು ಬಿರಿದರೂ ಆ ವರ್ಷ ಮನೆಗೆ ಒಳ್ಳೆಯದಲ್ಲ. ಹಿಟ್ಟು ಉಬ್ಬುವವರೆಗೆ ಮನೆಯಲ್ಲಿ ಕೆಟ್ಟ ಮಾತು ಆಡುವ ಹಾಗಿಲ್ಲ, ಜಗಳವಂತೂ ಕೂಡದೇ ಕೂಡದು. ಅಜ್ಜಿ ಹಿಟ್ಟು ನಾದುತ್ತ ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ ಮಾಡಿಕೊಂಡಳು.

"ಈ ಸಲ ಎಷ್ಟು ಬಟ್ಲು ಇಡ್ತೀಯ, ಹಿರೀರಿಗೆ?"

"ಯಾವಾಗ್ಲೂ ಇಡೋ ಅಷ್ಟೇ ಅತ್ತೆ."

"ಹೊಸ ಪಟ ಅಲ್ವ. ಅದರಲ್ಲಿ ಜನ ಹೆಚ್ಚು ಕಮ್ಮಿ ಆಗಿರಬೋದು ಅಂತ ಕೇಳ್ದೆ."

ಚಿಯಾವ್‌ಯುನ್‌ಳ ಕೈಯಿಂದ ಎಲಚಿ ಹಣ್ಣು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಹುಡುಕುವ ನೆಪದಲ್ಲಿ ಅವಳು ಬಹಳ ಹೊತ್ತು ಮೇಲೇಳಲಿಲ್ಲ.

"ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ," ಎಂದಳು ಕೊನೆಗೆ, ಮೇಜಿನ ಕೆಳಗಿಂದಲೇ.

ಆ ದಿನ ಒಂದು ಬೋಬೋ ಕೂಡ ಬಿರಿಯಲಿಲ್ಲ. ಅಜ್ಜಿಗೆ ಅದೂ ಅನುಮಾನ.

ಇಪ್ಪತ್ತೇಳರಂದು ಶೌಟಿಯೆನ್ ಮತ್ತೊಮ್ಮೆ ಪಟ ಬರೆದುಕೊಟ್ಟಿದ್ದ ಶಾನ್ ಮೇಷ್ಟ್ರ ಮನೆಗೆ ಹೋಗಿಬಂದ. ಅಂಗಿ ಜೇಬಿನಲ್ಲಿ ಮಡಿಸಿದ ಕೆಂಪು ಕಾಗದದ ತುಂಡೊಂದು ಇಣುಕುತ್ತಿತ್ತು. ಊಟಕ್ಕೆ ಕೂತಾಗ, ತಟ್ಟೆಯನ್ನೇ ನೋಡುತ್ತ, "ಚಿಕ್ಕಮ್ಮ, ಹಬ್ಬದ ದಿನ ನೀವು ನಡುಮನೆಗೆ ಬರೋದು ಬೇಡ. ಊದುಬತ್ತಿ ಹೊಗೆ ಜಾಸ್ತಿ ಇರತ್ತೆ. ಪಶ್ಚಿಮದ ಕೋಣೇಲಿ ಬೆಚ್ಚಗೆ ಮಲಗಿರಿ, ಕಡುಬು ಅಲ್ಲಿಗೇ ತಂದ್ಕೊಡ್ತೀವಿ," ಎಂದ.

"ಹೊಗೆ ಹೋದ ವರ್ಷ ಇರ್ಲಿಲ್ವ?"

"ಈ ವರ್ಷ ವಯಸ್ಸು ಒಂದು ಜಾಸ್ತಿ ಆಗಿದೆಯಲ್ಲ."

"ಊದುಬತ್ತಿಗಾ?"

ಚಿಯಾವ್‌ಯುನ್ ನಗಲು ಹೋಗಿ ಕೆಮ್ಮಿದಳು. ಶೌಟಿಯೆನ್ ನಗಲಿಲ್ಲ. ಅಜ್ಜಿ ಬಟ್ಟಲು ಕೆಳಗಿಟ್ಟಳು. ಅವಳಿಗೆ ಅಳು ಬಂದಿತ್ತು, ಆದರೆ ಆ ಮನೆಯಲ್ಲಿ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅವತ್ತೂ ನೋಡಲಿಲ್ಲ.

ಇಪ್ಪತ್ತೆಂಟು ಸಂತೆ. ಕೋಲೂರಿಕೊಂಡು ಒಬ್ಬಳೇ ಹೋದಳು. ಶಾನ್ ಮೇಷ್ಟ್ರು ಸಂತೆಯ ಬಾಯಲ್ಲಿ ಮೇಜು ಹಾಕಿಕೊಂಡು ಬಾಗಿಲಿಗೆ ಅಂಟಿಸುವ ಹಬ್ಬದ ಸಾಲುಗಳನ್ನು ಬರೆದು ಮಾರುತ್ತಿದ್ದ. ಪಕ್ಕದ ಊರಿನವನು, ಅಜ್ಜಿಯ ಮುಖಪರಿಚಯ ಅವನಿಗಿರಲಿಲ್ಲ. ಎಂಬತ್ತರ ಮುದುಕ, ಎರಡೂ ಕಣ್ಣಿಗೆ ಪೊರೆ, ಕಾಗದವನ್ನು ಮೂಗಿಗೆ ತಾಗಿಸಿಕೊಂಡು ಬರೆಯುತ್ತಿದ್ದ. ಆದರೂ ಅಕ್ಷರಗಳು ಮಾತ್ರ ಎತ್ತಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತಿದ್ದವು.

"ಇದು ಕೆಂಪೋ ಹಸಿರೋ, ಸ್ವಲ್ಪ ನೋಡಿ ಹೇಳಮ್ಮ," ಎಂದು ಒಂದು ಹಾಳೆ ಅವಳ ಕಡೆ ಚಾಚಿದ. "ಸಾವಾದ ಮನೆಗೆ ಹಸಿರು ಕೊಡ್ಬೇಕು. ನಂಗೀಗ ಎಲ್ಲಾ ಒಂದೇ ಕಪ್ಪು."

"ಕೆಂಪು," ಎಂದಳು ಅಜ್ಜಿ. "ಮೇಷ್ಟ್ರೇ, ಲುವಾನ್ ಶೌಟಿಯೆನ್ ಮನೆ ಪಟ ನೀವೇ ಅಲ್ವ ಬರ್ದಿದ್ದು?"

"ನಾನೇ. ಒಳ್ಳೇ ಪಟ."

"ಕೊನೇ ಸಾಲಲ್ಲಿ, ದೇಮಾವ್ ಹೆಸರಿನ ಪಕ್ಕ, ಜಾಗ ಏನಾದ್ರೂ ಉಳಿದಿತ್ತಾ?"

"ಇಲ್ಲಮ್ಮ, ಒಂದು ಚೌಕಾನೂ ಖಾಲಿ ಬಿಟ್ಟಿಲ್ಲ. ಎಲ್ಲಾ ತುಂಬ್ಸಿದೀನಿ." ಮೇಷ್ಟ್ರು ಹೆಮ್ಮೆಯಿಂದ ಕುಂಚ ಅದ್ದಿದ. "ನೀವು ಆ ಮನೆ ಕಡೆಯವರಾ?"

ಅಜ್ಜಿ ಕೋಲೂರಿಕೊಂಡು ಮನೆ ಕಡೆ ತಿರುಗಿದಳು. ಬೇರೆ ಯಾರದೋ ಹೆಸರು ಅಲ್ಲಿ ಕೂತಿದೆ. ಚಿಕ್ಕಪ್ಪನ ಮನೆಯವರದ್ದೋ, ದೆಹೌನ ಸತ್ತ ಹೆಂಡತಿಯದ್ದೋ, ಯಾರದೋ. ಮನೆಗೆ ಹೋಗುವ ಮುಕ್ಕಾಲು ಹಾದಿಯಲ್ಲಿ ಮೀನು ಕೊಳ್ಳಲು ಮರೆತದ್ದು ನೆನಪಾಯಿತು. ಹಿಂದಕ್ಕೆ ಹೋಗಿ, ಕಿವಿರೂ ನೋಡದೆ ಒಂದು ಗೆಂಡೆ ಮೀನು ತಂದಳು. ಮನೆಯಲ್ಲಿ ಚಿಯಾವ್‌ಯುನ್ ಅದನ್ನು ಮೂಸಿ ಗಾಬರಿಯಾದಳು. ಮೀನಿಗಲ್ಲ, ಅತ್ತೆಗೆ ಏನಾಯಿತು ಎಂದು.

ವರ್ಷದ ಕೊನೇ ದಿನ ಮಧ್ಯಾಹ್ನ ಪಟ ಗೋಡೆಗೆ ಏರಿತು. ಅಜ್ಜಿ ಹೇಳಿದ ಹಾಗೆ ಕೇಳಿ ಪಶ್ಚಿಮದ ಕೋಣೆಯ ಜಗಲಿಯ ಮೇಲೆ, ಹೊಸ ಕೆಂಪು ಅಂಗಿ ತೊಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಿದ್ದೆ ಮಾಡುತ್ತಿರಲಿಲ್ಲ, ಸದ್ದು ಕೇಳುತ್ತಿದ್ದಳು. ಮೇಜು ಎಳೆದದ್ದು, ಬಟ್ಟಲು ಜೋಡಿಸಿದ್ದು, ಹಬ್ಬದ ಶಾಸ್ತ್ರಕ್ಕೆ ಅಂಗಳದಲ್ಲಿ ಎಳ್ಳಿನ ಕಡ್ಡಿ ಹರಡಿದ್ದು. ಮೂರು ಗಂಟೆ ಹೊತ್ತಿಗೆ ಶೌಟಿಯೆನ್, ದೆಹೌ, ಮನೆತನದ ಗಂಡಸರೆಲ್ಲ ಊದುಬತ್ತಿ ಹಿಡಿದು ಸಮಾಧಿಗಳ ಕಡೆ ಹೊರಟರು, ಹಿರಿಯರನ್ನು ಮನೆಗೆ ಕರೆತರಲು. ಹೆಜ್ಜೆ ಸದ್ದು ದೂರವಾಯಿತು. ಹಿರಿಯರು ಏರಿ ಬರುವ ಕುದುರೆಗಳಿಗೆಂದು ಬಾಗಿಲ ಮುಂದೆ ಹುಲ್ಲು ಕಾಳು ಹಾಕಲು ಚಿಯಾವ್‌ಯುನ್ ಹೊರಗೆ ಹೋದಳು.

ಅಜ್ಜಿ ಎದ್ದು ನಡುಮನೆಗೆ ಬಂದಳು.

ಪಟ ಚೆನ್ನಾಗಿತ್ತು, ಅದನ್ನು ಅವಳು ಅಷ್ಟು ಸಿಟ್ಟಿನಲ್ಲೂ ಒಪ್ಪಿಕೊಂಡಳು. ಅಚ್ಚಿನ ಚಿತ್ರದಲ್ಲಿ ಮೂಲಪುರುಷನ ಗಡ್ಡ ಕೂದಲು ಕೂದಲಾಗಿ ಕಾಣುತ್ತಿತ್ತು, ಕೆಳಗಿನ ಹೆಸರುಗಳು ಮೇಷ್ಟ್ರ ಕೈಯವು. ಅವಳು ನೇರ ಕೊನೇ ಸಾಲಿಗೆ ಹೋದಳು. ಹದಿನಾಲ್ಕರಲ್ಲಿ ಅಕ್ಷರ ಕಲಿಸುವ ಶಾಲೆಗೆ ಒಂದು ಚಳಿಗಾಲ ಹೋಗಿದ್ದಳು. ಅಲ್ಲಿ ಕಲಿತ ಬೆರಳೆಣಿಕೆಯ ಅಕ್ಷರಗಳಲ್ಲಿ ಉಳಿದದ್ದು ತನ್ನ ತವರಿನ ಹೆಸರು ಮತ್ತು ಈ ಮನೆತನದ ಹೆಸರು. ದೇಮಾವ್‌ನ ಚೌಕ ಎಲ್ಲಿರುತ್ತದೆಂದು ಹಳೆಯ ಪಟ ನೋಡಿ ನೋಡಿ ಕಣ್ಣಿಗೆ ರೂಢಿಯಾಗಿತ್ತು, ಸಿಕ್ಕಿತು. ಎಡಕ್ಕೆ ಜಿಯಾಂಗ್. ಬಲಕ್ಕೆ, ಚೌಕದ ಮೇಲೆ, ಹೆಬ್ಬೆರಳಿನಷ್ಟು ಉದ್ದದ ಕೆಂಪು ಚೀಟಿ ಅಂಟಿಸಿತ್ತು.

ಮುಚ್ಚಿದ್ದಾರೆ. ಯಾರನ್ನು ಕೂರಿಸಿದ್ದಾರೋ ಅವರ ಹೆಸರು ನನಗೆ ಕಾಣಬಾರದು ಎಂದು. ಅಜ್ಜಿ ಚೀಟಿಯ ಮೂಲೆಗೆ ಉಗುರು ಹಾಕಿ ನಿಧಾನಕ್ಕೆ ಬಿಡಿಸಿದಳು.

ಸುಯಿ.

ಅವಳು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು ನೋಡಿದಳು. ದುಂಡಗೆ, ಕಪ್ಪಗೆ, ಸತ್ತವರ ಸಾಲಿನಲ್ಲಿ ಗಂಡನ ಪಕ್ಕ, ಸುಯಿ. ಅದರ ಮೇಲೆ ಇನ್ನೊಂದು ಅಕ್ಷರವಿತ್ತು, ಅದು ಅವಳಿಗೆ ಗೊತ್ತಿರಲಿಲ್ಲ.

ಹಿಂದೆ ಬಾಗಿಲಲ್ಲಿ ಕಾಲ ಸಪ್ಪಳ. ಉರಿಯುವ ಊದುಬತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಶೌಟಿಯೆನ್ ಹೊಸಿಲು ದಾಟುತ್ತಿದ್ದ, ಬೆನ್ನಿಗೆ ದೆಹೌ, ಅವನ ಹಿಂದೆ ಉಳಿದವರು. ಹಿರಿಯರು ಆಗಲೇ ಮನೆಯೊಳಗೆ ಬಂದಂತೆ ಲೆಕ್ಕ. ಇನ್ನು ಎರಡು ದಿನ ಆ ಕೋಣೆಯಲ್ಲಿ ಗಟ್ಟಿ ಮಾತಿಲ್ಲ, ಅಪಶಕುನದ ಮಾತಂತೂ ಉಸಿರಿನಲ್ಲೂ ಇಲ್ಲ. ಅಜ್ಜಿಯ ಕೈಯಲ್ಲಿ ಚೀಟಿ ನೋಡಿ ಶೌಟಿಯೆನ್‌ನ ಮುಖದ ರಕ್ತ ಇಳಿಯಿತು. ಬದುಕಿರುವವರ ಹೆಸರು ಸತ್ತವರ ಪಟದಲ್ಲಿ, ಅದೂ ಹಬ್ಬದ ದಿನ ಅವರ ಕಣ್ಣಿಗೇ ಬೀಳುವುದೆಂದರೆ ಅದಕ್ಕಿಂತ ದೊಡ್ಡ ಅಪಶಕುನ ನಮ್ಮಲ್ಲಿಲ್ಲ. ಅವನು ಊದುಬತ್ತಿಯನ್ನು ಬೂದಿಯಲ್ಲಿ ಸಿಕ್ಕಿಸಿ, ಅಲ್ಲೇ ಮಂಡಿಯೂರಿದ.

"ಚಿಕ್ಕಮ್ಮ, ಬೈಬೇಡಿ. ಇವತ್ತೊಂದಿನ ಬೈಬೇಡಿ," ಎಂದ ಪಿಸುದನಿಯಲ್ಲಿ. "ನಿಮ್ಮ ಹೆಸರಿಗೆ ಜಾಗ ಇಡಿ ಅಂತ ಪಟ್ಟಿಲಿ ಬರ್ದು ಕೊಟ್ಟಿದ್ದೆ. ಸಮಾಧಿ ಕಲ್ಲಲ್ಲಿ ಬದುಕಿರೋರ್ದು ಕೆಂಪಲ್ಲಿ ಬರೀತಾರಲ್ಲ, ಹಂಗೇ ನಿಮ್ದೊಂದನ್ನ ಕೆಂಪು ಪೆನ್ನಲ್ಲಿ ಬರ್ದಿದ್ದೆ. ಮೇಷ್ಟ್ರ ಕಣ್ಣಿಗೆ ಕೆಂಪು ಕಪ್ಪು ಒಂದೇ. ಎಲ್ರ ಜೊತೆ ಬರ್ದುಬಿಟ್ರು."

"ಕೆರೆದು ತೆಗಿಯೋಕೂ ಭಯ ಆಯ್ತು ಅತ್ತೆ," ಎಂದು ಚಿಯಾವ್‌ಯುನ್ ಬಾಗಿಲಲ್ಲಿ ಅಳುತ್ತಿದ್ದಳು. "ಬದುಕಿರೋರ ಹೆಸರು ಕೆರೆಯೋದಾ? ಬೇರೆ ಪಟ ಬರ್ಸೋಕೆ ದಿನ ಇರ್ಲಿಲ್ಲ. ಅದಕ್ಕೇ ಮುಚ್ಚಿದ್ವಿ."

ಅಜ್ಜಿ ಅವಳ ಕಡೆ ನೋಡಲೇ ಇಲ್ಲ. ಮಗನನ್ನು ನೋಡುತ್ತಿದ್ದಳು.

"ಜಾಗ ಇಡಿ ಅಂತ ನೀನು ಹೇಳ್ದ್ಯಾ?"

"ಹೂಂ."

"ಯಾರ್ನ ಕೇಳಿ?"

"ಯಾರ್ನೂ ಕೇಳ್ಲಿಲ್ಲ." ಶೌಟಿಯೆನ್ ತಲೆ ಎತ್ತಲಿಲ್ಲ. "ಅವತ್ತು ಅಂಗಳದಲ್ಲಿ ನಾನು ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ನೀವು ಕತ್ತಿ ನಿಲ್ಸಿದ್ದು ನಂಗೆ ಕೇಳಿಸ್ತು."

ಅಜ್ಜಿಯ ಕಣ್ಣು ತುಂಬಿ ಬಂತು. ಐವತ್ತು ವರ್ಷದಲ್ಲಿ ಮೊದಲ ಸಲ ಲುವಾನ್ ಮನೆತನದ ಎಲ್ಲರೂ ಅದನ್ನು ನೋಡಿದರು. ಅವಳು ಒರೆಸಿಕೊಳ್ಳಲಿಲ್ಲ. ಇದನ್ನೂ ನಂಬುವುದೋ ಬಿಡುವುದೋ ಎಂದು ಒಂದು ಗಳಿಗೆ ನಿಂತಳು, ಮೀನಿನವನ ಮುಂದೆ ನಿಂತ ಹಾಗೆ. ಆಮೇಲೆ ಚೌಕಕ್ಕೆ ಬೆರಳು ತೋರಿಸಿದಳು.

"ಸುಯಿ ನಂಗೆ ಓದಕ್ಕೆ ಬರತ್ತೆ. ಮೇಲಿಂದು ಏನು?"

"ತಾಯಿ," ಎಂದ ಶೌಟಿಯೆನ್.

"ಜಿಯಾಂಗ್ ಮೇಲೆ ಇರೋದು?"

"ಅದೇ. ತಾಯಿ."

"ಎರಡೂ ಒಂದೇ ಥರ ಬರ್ದಿದೆಯಾ? ನಂದು ಚಿಕ್ಕದು ಗಿಕ್ಕದು ಅಂತ ಏನೂ ಇಲ್ವ?"

"ಇಲ್ಲ."

ಅಜ್ಜಿ ಹೂಂ ಎನ್ನಲಿಲ್ಲ. ಮಂಡಿಯೂರಿದ ಮಗನನ್ನು ದಾಟಿ ಅವಳ ನೋಟ ದೆಹೌನ ಮೇಲೆ ನಿಂತಿತು. ಎಂಬತ್ತಾರರ ಮುದುಕ, ಟೋಪಿ ಕೈಯಲ್ಲಿ ಹಿಡಿದು, ಗೋಡೆ ಮಗ್ಗುಲಿಗೆ ಸರಿಯಲು ನೋಡುತ್ತಿದ್ದ.

"ನನ್ನ ಮಗ ನನ್ನ ಸಮಾಧಾನಕ್ಕೆ ಏನ್ ಬೇಕಾದ್ರೂ ಓದ್ತಾನೆ," ಎಂದಳು. "ಭಾವ, ನೀವು ಓದಿದೋರು. ಹಿರೀರು ಬಂದು ಕೂತಿದ್ದಾರೆ, ಅವರ ಮುಂದೆ ನೀವು ಸುಳ್ಳು ಹೇಳಲ್ಲ. ಕೊನೇ ಸಾಲು ಓದಿ."

ದೆಹೌ ಸುತ್ತ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಊದುಬತ್ತಿಯ ಹೊಗೆ ನೇರವಾಗಿ ಏಳುತ್ತಿತ್ತು. ಅವನು ಹತ್ತಿರ ಬಂದು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡ.

"ತಂದೆ, ಲುವಾನ್ ದೇಮಾವ್," ಎಂದು ಓದಿದ. "ತಾಯಿ, ಜಿಯಾಂಗ್."

ಅಲ್ಲಿಗೆ ನಿಲ್ಲಿಸಿದ.

"ಪಕ್ಕದ್ದು, ಭಾವ."

ದೆಹೌ ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ.

"ತಾಯಿ, ಸುಯಿ," ಎಂದ.

"ಇನ್ನೊಂದ್ಸಲ. ನಂಗೆ ಕಿವಿ ಸ್ವಲ್ಪ ಮಂದ."

ಅಜ್ಜಿಯ ಕಿವಿ ಮಂದ ಇರಲಿಲ್ಲ, ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ದೆಹೌ ಇನ್ನೊಂದು ಸಲ ಓದಿದ, ಈ ಸಲ ಅಂಗಳದವರೆಗೂ ಕೇಳುವ ಹಾಗೆ.

"ಸರಿ," ಎಂದಳು ಅಜ್ಜಿ. "ಏಳೋ ಶೌಟಿಯೆನ್, ನೆಲ ತಣ್ಣಗಿದೆ. ಚಿಯಾವ್‌ಯುನ್, ಅಳೋದು ಸಾಕು, ಒಂಚೂರು ಹಿಟ್ಟಿನ ಅಂಟು ತಗೊಂಡ್ ಬಾ."

ಅಂಟು ಬಂತು. ಕೆಂಪು ಚೀಟಿಯ ಹಿಂದೆ ಅವಳೇ ಬೆರಳಿನಿಂದ ಹಚ್ಚಿ, ತನ್ನ ಹೆಸರಿನ ಮೇಲೆ ಇಟ್ಟು, ನಾಲ್ಕೂ ಮೂಲೆ ಒತ್ತಿದಳು. ಗಂಡಸರು ಸಾಲಾಗಿ ನಿಂತು ಕಾಯುತ್ತಿದ್ದರು.

"ಇನ್ನೊಂದಷ್ಟು ವರ್ಷ ಮುಚ್ಚಿರ್ಲಿ. ನಂಗೇನೂ ಅವಸರ ಇಲ್ಲ," ಎಂದು, ಸರಿಯಾಗಿ ಹತ್ತಿದೆಯೋ ಇಲ್ಲವೋ ಎಂದು ಒಂದು ಮೂಲೆಯನ್ನು ಉಗುರಿನಿಂದ ಎಳೆದು ನೋಡಿದಳು.